ಬುಕ್ಕಲ್ಲೂ ಹಂಗೇ ಐತೆ

ಆ ಪುಸ್ತಕವನ್ನು ನಾನು ಓದಿರಲಿಲ್ಲ. ಒಂದು ಸಾಲನ್ನೂ ಓದಿರಲಿಲ್ಲ — ಓದಲು ನನಗೆ ಬರುತ್ತಿರಲಿಲ್ಲ. ಆದರೂ ನನ್ನ ಮಾವನ ತಮ್ಮ ಹೂವಣ್ಣನವರಿಗೆ ಅದನ್ನು ಪುಟ ಪುಟವಾಗಿ ಓದಿ ಹೇಳಿದೆ. ಆಮೇಲೆ ಅದನ್ನು ಒಲೆಗೆ ಹಾಕಿದೆ ಅಂತಲೂ ಹೇಳಿದೆ. ಅದೂ ಸುಳ್ಳು. ನನ್ನ ಈ ಎರಡು ಸುಳ್ಳಿನ ನಡುವೆ ಸಿಕ್ಕಿಕೊಂಡು, ಒಬ್ಬ ಬುದ್ಧಿವಂತ ಮನುಷ್ಯ ತನಗೆ ಬುದ್ಧಿಯೇ ಇಲ್ಲ ಅಂದುಕೊಂಡು ಹದಿನಾರು ವರ್ಷ ಸುಮ್ಮನೆ ಕೂತರು.

ನಾನು ಆಲೂರು ಕಡೆಯವಳು. ಯಸಳೂರು ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ಬಂದದ್ದು ಎರಡು ಟ್ರಂಕು ಮತ್ತು ಒಂದು ಬಿಎ. ಮಾವನಿಗೆ ಟ್ರಂಕಿಗಿಂತ ಬಿಎ ಮೇಲೆ ಹೆಮ್ಮೆ. ಕಾಫಿ ಕುಡಿಯಲು ಬಂದವರಿಗೆಲ್ಲ, ನಮ್ಮ ಸೊಸೆ ಇಂಗ್ಲಿಷನ್ನು ನೀರು ಕುಡಿದ ಹಾಗೆ ಓದುತ್ತಾಳೆ ಅನ್ನುತ್ತಿದ್ದರು. ಇಂಗ್ಲಿಷ್ ಪೇಪರನ್ನು ನಾನು ಮೂರನೇ ಸಲಕ್ಕೆ ಪಾಸು ಮಾಡಿದ್ದು ನನಗೂ ನನ್ನ ಅಪ್ಪನಿಗೂ ಮಾತ್ರ ಗೊತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ, ಬಹಳ ಗಂಭೀರದ ಹುಡುಗಿ ಅಂತ ಇನ್ನೊಂದು ಹೆಸರೂ ಬಂತು.

ಹೂವಣ್ಣನವರನ್ನು ನಾನು ಚಿಕ್ಕಮಾವ ಅನ್ನುತ್ತೇನೆ. ಮದುವೆಯಾದವರಲ್ಲ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸುತ್ತಲ ತೋಟಗಳಲ್ಲಿ ಪಲ್ಪರ್ — ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನು — ನಿಂತುಹೋದರೆ ಹೊಂಗಡಹಳ್ಳದಿಂದಲೂ ಇವರಿಗೇ ಕರೆ ಬರುತ್ತಿತ್ತು. ಮನೆಯಲ್ಲಿ ಮಾತ್ರ ಹುಚ್ಚ ಅನ್ನುತ್ತಿದ್ದರು, ಯಾಕೆಂದರೆ ಕೆಡದೆ ಇದ್ದದ್ದನ್ನೂ ಬಿಚ್ಚುತ್ತಿದ್ದರು. ಅತ್ತೆಯ ಮಿಕ್ಸಿ, ಗೋಡೆ ಗಡಿಯಾರ, ನನ್ನ ತವರಿನ ಇಸ್ತ್ರಿ ಪೆಟ್ಟಿಗೆ — ಯಾವುದನ್ನೂ ಬಿಟ್ಟವರಲ್ಲ. ಮತ್ತೆ ಜೋಡಿಸುವಾಗ ಒಂದೆರಡು ಸ್ಕ್ರೂ ಮಿಗುತ್ತಿದ್ದವು. ಅವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟು, ಇವು ಇಲ್ಲದೆಯೂ ನಡೆಯುತ್ತೆ ಅಂದಮೇಲೆ ಇವನ್ನು ಹಾಕಿದವನು ಯಾಕೆ ಹಾಕಿದ ಎಂದು ಯೋಚಿಸುತ್ತಾ ಕೂರುತ್ತಿದ್ದರು.

ಬಿಸಿಲೆ ಕಡೆಯ ಒಂದು ಹೋಮ್‌ಸ್ಟೇಯಲ್ಲಿ ಜನರೇಟರ್ ರಿಪೇರಿಗೆ ಹೋದವರು ಒಂದು ದಿನ ಆ ಪುಸ್ತಕ ಹಿಡಿದುಕೊಂಡು ಬಂದರು. ಅಲ್ಲಿ ಉಳಿದಿದ್ದ ವಿದೇಶಿ ಅತಿಥಿಯೊಬ್ಬ ಅದನ್ನು ನೋಡುತ್ತಿದ್ದನಂತೆ. ಇವರು ಕೆಲಸ ಬಿಟ್ಟು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ್ದಾರೆ. ಅವನು ನಕ್ಕು, ಹೊರಡುವಾಗ ಪುಸ್ತಕವನ್ನು ಇವರ ಕೈಗೇ ಇಟ್ಟುಬಿಟ್ಟಿದ್ದಾನೆ.

ದೊಡ್ಡ ಅಳತೆಯ, ಗಟ್ಟಿ ರಟ್ಟಿನ ಕಾಮಿಕ್ಸ್ ಅದು. ಕೆದರಿದ ತಲೆಯ ಒಬ್ಬ ಮುದುಕ ವಿಜ್ಞಾನಿ. ಕಣ್ಣಿಗೆ ಹಿತ್ತಾಳೆ ಅಂಚಿನ ದಪ್ಪ ಕನ್ನಡಕ. ಆವಿಯಿಂದ ಹಾರುವ ಹಡಗು — ಮೇಲೆ ಬಲೂನು, ಕೆಳಗೆ ಬಾಯ್ಲರು. ಆರು ಕಾಲಿನ ಕಬ್ಬಿಣದ ಕುದುರೆ. ಎಲ್ಲಿ ನೋಡಿದರೂ ಪೈಪು, ಹಲ್ಲುಚಕ್ರ, ಹೊಗೆ. ಅಂಗಳದಲ್ಲಿ ಎಲ್ಲರೂ ಇದ್ದಾಗಲೇ ಮಾವ ಅದನ್ನು ನನ್ನ ಕೈಗೆ ಕೊಟ್ಟು, ಓದಿ ಹೇಳಮ್ಮ ಅಂದರು.

ತೆರೆದು ನೋಡಿದೆ. ಅಕ್ಷರಗಳೇನೋ ಇಂಗ್ಲಿಷಿನವೇ. ಆದರೆ ಕೆಲವಕ್ಕೆ ತಲೆ ಮೇಲೆ ಟೋಪಿ, ಕೆಲವಕ್ಕೆ ಕೆಳಗೆ ಬಾಲ. ಒಂದು ಶಬ್ದವೂ ಗುರುತು ಸಿಗಲಿಲ್ಲ. ಇದು ಇಂಗ್ಲಿಷಲ್ಲ, ಬೇರೆ ಯಾವುದೋ ಭಾಷೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಿಜವನ್ನೇ ಹೇಳಿದಂತಾಗುತ್ತಿತ್ತು, ಮಾನವೂ ಹೋಗುತ್ತಿರಲಿಲ್ಲ. ಆದರೆ — ಮೂರು ಸಲ ಪರೀಕ್ಷೆ ಬರೆದವಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಇದು ನನಗೆ ತಿಳಿಯದ ಇಂಗ್ಲಿಷೇ ಇರಬಹುದು ಅನ್ನಿಸಿತು. ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ. ಚಿತ್ರ ನೋಡಿ ಕಥೆ ಕಟ್ಟಿದೆ. ಎಲ್ಲರೂ ತಲೆದೂಗಿದರು. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಉಳಿದವರಿಗೆ ಎರಡೇ ದಿನದಲ್ಲಿ ಬೇಜಾರಾಯಿತು. ಚಿಕ್ಕಮಾವ ಮಾತ್ರ ಮಧ್ಯಾಹ್ನದ ಊಟ ಆದಮೇಲೆ ಜಗಲಿಗೆ ಬಂದು ಕೂರುತ್ತಿದ್ದರು. ಅವರಿಗೆ ಕಥೆ ಬೇಕಿರಲಿಲ್ಲ. ವಿಜ್ಞಾನಿ ರಾಜಕುಮಾರಿಯನ್ನು ಎತ್ತಿಕೊಂಡು ಹೋದನೋ ಬಿಟ್ಟನೋ, ಅದು ಅವನ ಹಣೆಬರಹ. ಇವರ ಬೆರಳು ಒಂದು ಪೈಪನ್ನು ಹಿಡಿದರೆ ಅದು ಬಾಯ್ಲರಿನಿಂದ ಹೊರಟು, ಹಲ್ಲುಚಕ್ರಗಳ ಹಿಂದೆ ನುಗ್ಗಿ, ಮುಂದಿನ ಪುಟದಲ್ಲಿ ಮೇಲೆ ಬರುವವರೆಗೆ ಬಿಡುತ್ತಿರಲಿಲ್ಲ. ಇದರಲ್ಲಿ ಅಂಥಾದ್ದೇನಿದೆ ಎಂದು ಒಮ್ಮೆ ಕೇಳಿದೆ.

"ಈಗಿನ್ ಮಿಷನ್ನೆಲ್ಲ ಬಾಯ್ ಮುಚ್ಕೊಂಡಿರ್ತವೆ ಕಣವ್ವಾ" ಅಂದರು. "ಇವು ನೋಡು, ಹೊಟ್ಟೆ ಬಿಚ್ಚಿ ತೋರಿಸ್ತವೆ. ಬಾ, ನೋಡು, ಕೇಳು ಅಂತವೆ."

ಆ ಮಾತು ಕೇಳಿದ ಮೇಲೆ ನಾನೂ ಅದನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಿಜವಾಗಿ ಚೆನ್ನಾಗಿತ್ತು. ಯಾವುದನ್ನೂ ಮುಚ್ಚಿಡದ ಪ್ರಪಂಚ ಅದು. ಆ ಹುಚ್ಚು ಮುದುಕನಿಗೆ ಜಗತ್ತೆಲ್ಲ ಒಂದು ದೊಡ್ಡ ಪ್ರಶ್ನೆ, ಸಿಕ್ಕ ಸಿಕ್ಕ ತಗಡೆಲ್ಲ ಉತ್ತರ. ಇವನಿಗೂ ಮನೆಯವರು ಬೈಯುತ್ತಾರಾ ಎಂದು ಚಿಕ್ಕಮಾವ ಕೇಳಿದರು. ಇಲ್ಲ, ಎಲ್ಲರೂ ಇವನ ಮಾತು ಕೇಳುತ್ತಾರೆ ಅಂದೆ. ಅದೊಂದು ಸುಳ್ಳಿಗಾದರೂ ನನ್ನನ್ನು ಕ್ಷಮಿಸಿಕೊಳ್ಳಬಹುದಿತ್ತು — ಬೇಡ, ಅದನ್ನೂ ಲೆಕ್ಕದಿಂದ ಬಿಡುವುದಿಲ್ಲ.

ಆ ವರ್ಷ ಕೊಯ್ಲಿನ ಸಮಯದಲ್ಲಿ ವಾರಗಟ್ಟಲೆ ಮೋಡ. ಕಣದಲ್ಲಿ ಹರಡಿದ ಕಾಫಿ ಒಣಗದೆ ಬೂಸಲು ಹಿಡಿಯತೊಡಗಿತು. ಮಾವ ಆಕಾಶ ನೋಡುತ್ತಾ ಕೂತಿದ್ದರೆ ಚಿಕ್ಕಮಾವ ಬಚ್ಚಲುಮನೆಯ ಹೊಗೆ ನೋಡುತ್ತಾ ಕೂತಿದ್ದರು. ನಮ್ಮಲ್ಲಿ ಸ್ನಾನದ ಹಂಡೆಯ ಒಲೆ ಚಳಿಗಾಲದಲ್ಲಿ ಆರುವುದೇ ಇಲ್ಲ. ಅವರು ಪುಸ್ತಕ ತರಿಸಿ, ಹಡಗಿನ ಹಲಗೆಯ ಕೆಳಗೆ ಹಾದುಹೋಗುವ ದಪ್ಪ ಪೈಪಿನ ಮೇಲೆ ಬೆರಳಿಟ್ಟರು. ಪುಸ್ತಕದ ವಿಜ್ಞಾನಿಗೆ ಅವರು ಸಾಯಬರು ಅನ್ನುತ್ತಿದ್ದರು. ಈ ಹೊಗೆಯನ್ನು ಸಾಯಬರು ನೇರ ಮೇಲೆ ಬಿಡದೆ ಹಲಗೆ ಕೆಳಗೆ ಯಾಕೆ ಸುತ್ತಿಸಿದ್ದಾರೆ, ಏನು ಬರೆದಿದೆ ಎಂದು ಕೇಳಿದರು.

ನನಗೇನು ಗೊತ್ತು? ನಿಮಗೇನು ಅನ್ನಿಸುತ್ತೆ ಅಂತ ತಿರುಗಿ ಕೇಳಿದೆ. ಅವರು ಪೈಪಿನುದ್ದಕ್ಕೂ ಬೆರಳು ಓಡಿಸಿ, ಹೊಗೆ ಹೋಗುವ ಮುಂಚೆ ಅದರ ಬಿಸಿಯನ್ನು ಹಲಗೆಗೆ ಕೊಟ್ಟು ಹೋಗಲಿ ಅಂತ ಇರಬೇಕು ಅಂದರು.

"ಬುಕ್ಕಲ್ಲೂ ಹಂಗೇ ಐತೆ ಚಿಕ್ಕಮಾವ" ಅಂದೆ.

ಅವರ ಮುಖ ಅರಳಿದ್ದನ್ನು ಈಗಲೂ ಮರೆತಿಲ್ಲ. ಅಷ್ಟು ದೊಡ್ಡ ವಿಜ್ಞಾನಿಯ ತಲೆಗೂ ತನ್ನ ತಲೆಗೂ ಒಂದೇ ಹೊಳೆದಿದೆ ಅಂತ ಸಂತೋಷ. ಮರುದಿನವೇ ಬಚ್ಚಲ ಒಲೆಯ ಹಿಂದಿನಿಂದ ಕಾಲುವೆ ತೋಡಿ, ಇಟ್ಟಿಗೆಯಲ್ಲಿ ಹಾವಿನ ಹಾಗೆ ಸುತ್ತಿಸಿ, ಕಾಫಿ ಹರಡಲು ಮೇಲೆ ಕಲ್ಲು ಚಪ್ಪಡಿ ಹಾಸಿದರು. ಒಲೆ ಹಚ್ಚಿದರೆ ಹೊಗೆ ಮುಂದೆ ಹೋಗದೆ ಹಿಂದಕ್ಕೇ ಬಂತು. ಅತ್ತೆ ಕೆಂಪು ಕಣ್ಣು ಉಜ್ಜಿಕೊಂಡು ಹೊರಗೆ ಬಂದು, ಚಿಕ್ಕಮಾವನನ್ನು ಹುಟ್ಟಿದ ಗಳಿಗೆಯಿಂದ ಹಿಡಿದು ಬೈದರು. ಇವರು ಮತ್ತೆ ಪುಸ್ತಕ ಹಿಡಿದು ಬಂದರು. ನಾನು ಮತ್ತೆ ನಿಮಗೇನು ಅನ್ನಿಸುತ್ತೆ ಅಂದೆ. ಕಾಲುವೆಯ ಆ ತುದಿಗೆ ಇಡುವ ಚಿಮಣಿ ಮನೆಗಿಂತ ಎತ್ತರ ಇದ್ದರೆ ಅದು ಹೊಗೆಯನ್ನು ಎಳೆದುಕೊಳ್ಳುತ್ತೆ ಅಂದರು. ಬುಕ್ಕಲ್ಲೂ ಹಂಗೇ ಐತೆ ಅಂದೆ. ಚಪ್ಪಡಿಯ ಸಂದು ಮುಚ್ಚದಿದ್ದರೆ ಕಾಫಿಗೆ ಹೊಗೆ ವಾಸನೆ ಹಿಡಿಯುತ್ತೆ ಅಂದರು. ಅದೂ ಬುಕ್ಕಲ್ಲೇ ಐತೆ ಅಂದೆ. ಒಂದೊಂದನ್ನೂ ಅವರೇ ಯೋಚಿಸಿದರು. ಒಂದೊಂದನ್ನೂ ನಾನು ಅವರ ಕೈಯಿಂದ ಕಿತ್ತು ಆ ಕಾಗದದ ಮುದುಕನಿಗೆ ಕೊಟ್ಟೆ.

ಕೆಲಸ ಮಾಡಿತು. ಮೋಡದ ದಿನವೂ ಚಪ್ಪಡಿ ಬೆಚ್ಚಗಿರುತ್ತಿತ್ತು. ಅತ್ತೆ ಒಂದು ಹಿಡಿ ಕಾಫಿ ಎತ್ತಿ ಮೂಸಿ ನೋಡಿ ಒಳಗೆ ಹೋದರು. ಅವರು ಬೈಯದೆ ಹೋದದ್ದೇ ದೊಡ್ಡ ಸರ್ಟಿಫಿಕೇಟು. ಜನ ಅದಕ್ಕೆ ಹೊಗೆಕಣ ಅಂತ ಹೆಸರಿಟ್ಟರು, ನೋಡಲು ಬಂದರು. ಹೊಂಗಡಹಳ್ಳದವರೊಬ್ಬರು ಅಳತೆ ಬರೆದುಕೊಂಡು ಹೋಗಿ ತಮ್ಮ ಮನೆಯಲ್ಲೂ ಕಟ್ಟಿಸಿದರು.

ಮಾರನೇ ವರ್ಷ ಒಂದು ಕೃಷಿ ಪತ್ರಿಕೆಯಿಂದ ಕ್ಯಾಮೆರಾ ಹಾಕಿಕೊಂಡು ಒಬ್ಬರು ಬಂದರು. ಹೊಸದನ್ನು ಕಂಡುಹಿಡಿದ ರೈತರ ಬಗ್ಗೆ ಬರೆಯುತ್ತಿದ್ದೇವೆ, ಇದು ಯಾರ ಯೋಚನೆ ಎಂದು ಕೇಳಿದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

"ನಂದಲ್ಲ ಸಾರ್" ಅಂದರು ಚಿಕ್ಕಮಾವ. "ಕಾಮಿಕ್ಸ್ ಬುಕ್ಕಿನ್ ಸಾಯಬ್ರುದು. ನಮ್ಮುಡುಗಿ ಓದಿ ಹೇಳಿದ್ಲು, ನಾನು ಮಾಡ್ದೆ ಅಷ್ಟೆ."

ಆ ಪುಸ್ತಕ ತೋರಿಸಿ ಅಂದರು ಪತ್ರಿಕೆಯವರು. ಎಲ್ಲರೂ ನನ್ನ ಕಡೆ ನೋಡಿದರು. ಓದುವವರ ಹತ್ತಿರವೇ ಇರಲಿ ಎಂದು ಚಿಕ್ಕಮಾವ ಅದನ್ನು ನನ್ನ ಟ್ರಂಕಿನಲ್ಲೇ ಇಡಿಸಿದ್ದರು. ಬಂದವರು ಓದಿದವರು, ತೆರೆದ ಕೂಡಲೇ ನನ್ನ ಸುಳ್ಳು ಗೊತ್ತಾಗುತ್ತದೆ. ಎರಡೇ ಮಾತು ಸಾಕಿತ್ತು — ಇದು ಇವರದೇ ಯೋಚನೆ. ಬಾಯಿಂದ ಬಂದದ್ದು ಬೇರೆ. ಗೆದ್ದಲು ಹಿಡಿದಿತ್ತು, ಒಲೆಗೆ ಹಾಕಿದೆ ಅಂದೆ. ಆ ಮನುಷ್ಯ, ಮಕ್ಕಳ ಕಾಮಿಕ್ಸ್ ನೋಡಿ ಮಾಡಿದ್ದಾ ಎಂದು ನಕ್ಕು, ಪೆನ್ನಿನ ಕ್ಯಾಪ್ ಹಾಕಿದರು. ಚಿಕ್ಕಮಾವನ ಮುಖ ಸಣ್ಣದಾಯಿತು. ಪುಸ್ತಕ ಹೋಯಿತಲ್ಲ ಅಂತ. ಆದರೂ ನನಗೇ ಸಮಾಧಾನ ಹೇಳಿದರು — ಹೋಗಲಿ ಬಿಡು, ಗೆದ್ದಲಿಗೆ ಓದು ಬರಲ್ಲವಲ್ಲ ಅಂತ.

ಪತ್ರಿಕೆಯಲ್ಲಿ ಹೊಂಗಡಹಳ್ಳದವರ ಫೋಟೋ ಬಂತು, ಹೊಗೆಕಣ ಕಂಡುಹಿಡಿದ ರೈತ ಅಂತ. ಚಿಕ್ಕಮಾವನಿಗೆ ಹೊಟ್ಟೆಕಿಚ್ಚಾಗಲಿಲ್ಲ. ಇಬ್ಬರೂ ಕಾಪಿ ಹೊಡೆದವರೇ ಅಲ್ಲವಾ ಅಂದರು. ಅದನ್ನು ಕೇಳಿಯೂ ನಾನು ಟ್ರಂಕಿನ ಬೀಗ ತೆಗೆಯಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಬರೀ ಒಂದು ಹೆಸರು ತಪ್ಪಿಸಿದ ತಪ್ಪು. ಆಮೇಲಿನದು ಅದಕ್ಕಿಂತ ದೊಡ್ಡದು. ಮುಂದಿನ ಬೇಸಿಗೆಯಲ್ಲಿ ಅವರು ಮೆಣಸು ಬಿಡಿಸುವ ಮಿಷನ್ನಿಗೆ ಕೈ ಹಾಕಿದರು. ಮೆಣಸಿನ ಗೊಂಚಲನ್ನು ಕಾಲಲ್ಲಿ ತುಳಿದು ತುಳಿದು ನಮ್ಮ ಹೆಂಗಸರ ಅಂಗಾಲು ಉರಿಯುತ್ತಿದ್ದುದನ್ನು ನೋಡಿದ್ದರು. ಹಳೇ ಸೈಕಲ್ಲು, ಅದರ ಚೈನು, ಒಂದು ತಗಡಿನ ಪೀಪಾಯಿ — ಪೆಡಲ್ ತುಳಿದರೆ ಪೀಪಾಯಿ ತಿರುಗಬೇಕು. ಅರ್ಧ ಆಗಿತ್ತು. ಕಾಳು ಒಡೆಯದ ಹಾಗೆ ಒಳಗೆ ಏನು ಕೂರಿಸಬೇಕು ಎಂಬಲ್ಲಿ ನಿಂತಿತ್ತು. ನನ್ನ ಹತ್ತಿರ ಬಂದು, ಆ ಬುಕ್ಕಲ್ಲಿ ಇಂಥಾದ್ದೇನಾದರೂ ಇತ್ತಾ, ನೆನಪು ಮಾಡಿಕೊಂಡು ಹೇಳು ಅಂದರು.

ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. ಇಲ್ಲ ಚಿಕ್ಕಮಾವ, ಇರಲಿಲ್ಲ ಅಂದೆ. ಎಂಥ ವಿಚಿತ್ರ — ಆ ಪುಸ್ತಕದ ಬಗ್ಗೆ ನಾನು ಆಡಿದ ಮೊದಲ ನಿಜ ಅದು.

"ಇಲ್ಲ ಅಂದ್ಮೇಲೆ ಆಗಲ್ಲ ಬುಡು" ಅಂದರು. "ಬುಕ್ಕಿಲ್ದೆ ನಂಗೆಲ್ಲೈತವ್ವಾ ತಲೆ?"

ಚೈನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಆಮೇಲೆ ಪಲ್ಪರ್ ರಿಪೇರಿ ಮಾಡಿದರು, ಕೆಟ್ಟದ್ದನ್ನು ಸರಿ ಮಾಡಿದರು. ಕೆಡದೆ ಇದ್ದದ್ದನ್ನು ಮತ್ತೆಂದೂ ಬಿಚ್ಚಲಿಲ್ಲ. ಮನೆಯವರೆಲ್ಲ, ಅಂತೂ ಹುಚ್ಚು ಬಿಟ್ಟಿತು ಅಂದರು.

ಹೋದ ತಿಂಗಳು ನನ್ನ ಮಗಳು — ಒಂಬತ್ತನೇ ಕ್ಲಾಸು — ಸೀರೆ ಹುಡುಕಲು ಟ್ರಂಕು ತೆಗೆದವಳು ಆ ಪುಸ್ತಕ ಹೊರಗೆಳೆದಳು. ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಬರೆದದ್ದೆಲ್ಲ ಕನ್ನಡವಾಗುತ್ತದೆ ಈಗ. ಅಮ್ಮಾ ಇದು ಫ್ರೆಂಚು ಅಂದಳು. ಬೈದು ಕಿತ್ತುಕೊಳ್ಳಬೇಕಾದವಳು ಅವಳ ಪಕ್ಕ ಕೂತೆ. ಇಷ್ಟು ವರ್ಷವಾದರೂ ತಿಳಿಯುವ ಆಸೆ ಹೋಗಿರಲಿಲ್ಲ ನೋಡಿ. ಹಲಗೆಯ ಕೆಳಗಿನ ಪೈಪಿನ ಪುಟ ಹುಡುಕಿ ಫೋನು ಹಿಡಿಸಿದೆ. ವಿಜ್ಞಾನಿ ತನ್ನ ಆಳಿಗೆ ಹೇಳುತ್ತಿದ್ದ: "ಸೂಪ್ ತಣ್ಣಗಾಗಿದೆ. ಇದನ್ನು ತೆಗೆದುಕೊಂಡು ಹೋಗು." ಮಗಳು ನಕ್ಕಳು. ಉಳಿದ ಪುಟಗಳಿಗೂ ಫೋನು ಹಿಡಿಸಿದೆ. ಹೊಗೆಯ ಬಗ್ಗೆ, ಬಿಸಿಯ ಬಗ್ಗೆ ಇಡೀ ಪುಸ್ತಕದಲ್ಲಿ ಒಂದು ಶಬ್ದವೂ ಇರಲಿಲ್ಲ. ಆ ಪೈಪು ಎಲ್ಲಿಗೂ ಹೋಗುತ್ತಿರಲಿಲ್ಲ. ಚಿತ್ರ ಬರೆದವನು ಚಂದಕ್ಕೆ ಎಳೆದು, ಮೂಲೆಯಲ್ಲಿ ಬಿಟ್ಟಿದ್ದ. ಅದನ್ನು ಮುಂದಕ್ಕೆ ಒಯ್ದವರು ನಮ್ಮ ಚಿಕ್ಕಮಾವ.

ಮಾವ ತೀರಿಕೊಂಡಿದ್ದಾರೆ, ನನ್ನ ಬಿಎಯನ್ನು ಹೊಗಳುವವರು ಈಗ ಯಾರೂ ಇಲ್ಲ. ಹಾಗಿದ್ದೂ ಹೇಳಲು ಇನ್ನೂ ಮೂರು ವಾರ ಬೇಕಾಯಿತು. ನಿನ್ನೆ ಮಧ್ಯಾಹ್ನ ಚಿಕ್ಕಮಾವ ಹೊಗೆಕಣದ ಪಕ್ಕದ ಕಲ್ಲಿನ ಮೇಲೆ ಕೂತು ಕೋಳಿ ಓಡಿಸುತ್ತಿದ್ದರು. ಈಗ ಕೈ ನಡುಗುತ್ತದೆ, ಲೋಟ ಹಿಡಿಯಲು ಎರಡೂ ಕೈ ಬೇಕು. ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ಗೆದ್ದಲು ಹಿಡಿದಿರಲಿಲ್ಲ, ಒಲೆಗೂ ಹಾಕಿರಲಿಲ್ಲ, ನಾನೇ ಬಚ್ಚಿಟ್ಟಿದ್ದೆ ಅಂದೆ. ಇದು ಇಂಗ್ಲಿಷಲ್ಲ, ನನಗೆ ಓದಲು ಬರುತ್ತಿರಲಿಲ್ಲ ಅಂದೆ. ಹೊಗೆಯ ಮಾತು ಇದರಲ್ಲಿ ಒಂದಕ್ಷರವೂ ಇಲ್ಲ, ಅದೆಲ್ಲ ನೀವೇ ಹೇಳಿದ್ದು — ನಾನು ಹೂಂ ಅಂದದ್ದು ಮಾತ್ರ ಅಂದೆ.

ಅವರು ರಟ್ಟನ್ನು ಸವರಿ, ಹಲಗೆಯ ಕೆಳಗಿನ ಪೈಪಿನ ಪುಟ ತೆರೆದರು. ಬೈಯಲಿ ಎಂದು ಕಾದೆ. ಬೈದರೆ ನನ್ನ ಭಾರ ಇಳಿಯುತ್ತಿತ್ತು. ಬೈಯಲಿಲ್ಲ. ಹಳೆಯ ಮಧ್ಯಾಹ್ನಗಳಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ, ನಿಜವಾಗಿ ತಿಳಿಯಬೇಕು ಎನ್ನುವ ಆ ದನಿಯಲ್ಲಿ ಕೇಳಿದರು:

"ಹಂಗಾದ್ರೆ ಆ ಮೆಣಸಿನ್ ಮಿಷನ್ನು... ಆಗ್ತಿತ್ತು ಅಂತೀಯಾ?"

"ಗೊತ್ತಿಲ್ಲ ಚಿಕ್ಕಮಾವ" ಅಂದೆ.

ಮೊದಲ ದಿನ ಅಂಗಳದಲ್ಲಿ ಹೇಳಬೇಕಾಗಿದ್ದ ಮಾತು. ಮಿಷನ್ನಿನ ಪ್ರಶ್ನೆಗೆ ಉತ್ತರ ಗೊತ್ತಿರಬೇಕಾದವರು ಲೋಕದಲ್ಲಿ ಒಬ್ಬರೇ ಇದ್ದರು, ಅವರ ಕೈ ಈಗ ನಡುಗುತ್ತಿತ್ತು. ನಾನು ಎದ್ದು ಹೋಗಿ ಅಟ್ಟದಿಂದ ತುಕ್ಕು ಹಿಡಿದ ಆ ಚೈನು ಇಳಿಸಿ ತಂದು ಅವರ ಪಕ್ಕದಲ್ಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ತೆಗೆದುಕೊಂಡು ಹೋಗು ಅಂತಲೂ ಹೇಳಲಿಲ್ಲ.