ಸಂಗಮದವರೆಗೆ ಹೋಗಿಬಂದ ನಳ್ಳಿ

ಕಡಲಿನ ಕಲ್ಲು ಕೊಳೆಯುವಾಗ ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ ಎಂದು ನಾನು ಹಲವರಿಗೆ ಹೇಳಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಮೊಟ್ಟೆ ಒಡೆದದ್ದೇ ಇಲ್ಲ. ಈ ಹೋಲಿಕೆ ನನ್ನದಲ್ಲ, ಆಮೇಲೆ ಎಲ್ಲೋ ಓದಿ ಅಂಟಿಸಿಕೊಂಡದ್ದಿರಬೇಕು. ಆಗ ಮೂಗಿಗೆ ಬಡಿದದ್ದು ಏನೆಂದು ಈಗ ಹೇಳಲಾರೆ. ಅವ್ವ ಮನೆಯಲ್ಲಿ ಊಟ ಬಿಟ್ಟದ್ದು ಮಾತ್ರ ನಿಜ.

ಎರಡು ಸಾವಿರದ ಇಸವಿಯ ಆಚೀಚೆ. ನಂಜನಗೂಡಿನಲ್ಲಿ ಮನೆ, ತಿ. ನರಸೀಪುರದ ಕಾಲೇಜಿನಲ್ಲಿ ಪಾಠ. ಬೆಂಗಳೂರಿನ ಗೆಳೆಯನೊಬ್ಬ ತನ್ನ ಉಪ್ಪುನೀರಿನ ಅಕ್ವೇರಿಯಂ ಮುಚ್ಚುವಾಗ ದೊಡ್ಡ ಗಾಜಿನ ತೊಟ್ಟಿಯನ್ನು ನನಗೆ ದಾಟಿಸಿದ. ಅದರೊಳಗೆ ಜೋಡಿಸುವ ಕಲ್ಲುಗಳನ್ನು ಎರಡು ಪೆಟ್ಟಿಗೆಗಳಲ್ಲಿ ಕಳಿಸುವುದಾಗಿ ಹೇಳಿದ. ಮೊದಲನೆಯದು ಬಸ್ಸಿನಲ್ಲಿ ಬಂತು: ಥರ್ಮೋಕೋಲ್ ಪೆಟ್ಟಿಗೆ, ಒದ್ದೆ ಪೇಪರಿನಲ್ಲಿ ಸುತ್ತಿದ ತೂತುತೂತಿನ ಕಲ್ಲುಗಳು. ಇವನ್ನು 'ಲೈವ್ ರಾಕ್' ಅನ್ನುತ್ತಾರೆ. ಕಲ್ಲಿಗೆ ಜೀವವಿಲ್ಲ, ಅದರ ಸಂದುಗಳಲ್ಲಿ ಇರುವವಕ್ಕೆ ಇದೆ. ಪಾಚಿ, ಹುಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಮೀನಿನ ತೊಟ್ಟಿಯ ನೀರನ್ನು ಮುಂದೆ ಶುದ್ಧವಾಗಿಡುವುದು ಇವೇ. ಪ್ರಯಾಣದಲ್ಲಿ ಅರ್ಧದಷ್ಟು ಸತ್ತಿರುತ್ತವೆ. ಹಾಗಾಗಿ ಕಲ್ಲುಗಳನ್ನು ಮೊದಲು ಬೇರೆ ಟಬ್ಬಿನಲ್ಲಿ, ಕತ್ತಲಲ್ಲಿ, ಉಪ್ಪುನೀರಿನಲ್ಲಿ ಮುಳುಗಿಸಿ, ಸಣ್ಣ ಪಂಪಿನಿಂದ ನೀರು ಆಡಿಸುತ್ತಾ, ಸತ್ತದ್ದನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ವಾಸನೆ ಹೋಗುವವರೆಗೂ ನೀರು ಬದಲಿಸುತ್ತಿರಬೇಕು. ಕಲ್ಲು ಹದ ಮಾಡುವುದು ಎಂದು ಗೆಳೆಯ ಅನ್ನುತ್ತಿದ್ದ.

ಅವ್ವ ಇದಕ್ಕೆ ಒಪ್ಪಿದ್ದು ಒಂದೇ ಮಾತಿನ ಮೇಲೆ. ಮನೆಯೊಳಗೆ ಜೀವ ತೆಗೆಯಬಾರದು. ಸ್ನಾನ, ಲಿಂಗಪೂಜೆ, ಆಮೇಲೆ ತುತ್ತು, ಇದು ಅವಳ ದಿನ. "ಬರೀ ಕಲ್ಲು, ನೀರು ಅಷ್ಟೇ ಅವ್ವ" ಎಂದು ನಾನು ಹೇಳಿದೆನಂತೆ. ಹೆಂಡತಿ ಈಗಲೂ ಹಾಗೇ ಹೇಳುತ್ತಾಳೆ. ಇನ್ನೂ ಸ್ವಲ್ಪ ಬಿಡಿಸಿ ಹೇಳಿದ್ದೆ ಎಂದು ನನ್ನ ನೆನಪು. ಇಂಥ ಕಡೆ ನನ್ನ ನೆನಪು ಯಾವಾಗಲೂ ನನ್ನ ಪಕ್ಷವೇ.

ಟಬ್ಬನ್ನು ಬಚ್ಚಲುಮನೆಯ ಮೂಲೆಯಲ್ಲಿಟ್ಟೆ. ವಾರದೊಳಗೆ ನಾತ ನಡುಮನೆಗೆ ಬಂತು.

"ಏನ್ಲಾ ಮಗ, ಕಲ್ಲು ಅಂದೆ. ಕಲ್ಲು ಎಲ್ಲಾರ ನಾತ ಒಡೀತದಾ?"

"ಒಳಗಿದ್ದದ್ದು ಕೊಳೀತಾ ಇದೆ ಅವ್ವ. ಸ್ವಲ್ಪ ದಿನ."

"ಕೊಳೀಬೇಕಾದ್ರೆ ಸತ್ತಿರ್ಬೇಕಲ್ಲ."

ಅಂದಿನಿಂದ ಅವಳು ಪೂಜೆ ಮುಗಿಸಿ ಮಠದ ದಾಸೋಹಕ್ಕೆ ಹೋಗಿ ಉಂಡು ಬರತೊಡಗಿದಳು. ಕೆಲವು ದಿನ ಕಳೆದ ಮೇಲೆ, ಸೀರೆ ಮಡಿಸುತ್ತಾ, ಸಿಟ್ಟಿಲ್ಲದೆ ಹೇಳಿದಳು: "ಇನ್ನೊಂದ್ ಜೀವ ನಮ್ ಕೈಲಿ ಓದ್ರೆ ನಾನು ದೇವನೂರಿಗೆ ಒಂಟೋಯ್ತೀನಿ ಕಣಪ್ಪ. ನಿಮ್ಮಕ್ಕನ್ ಮನೇಲಿ ಇದ್ಬುಡ್ತೀನಿ." ಸಿಟ್ಟಿರಲಿಲ್ಲವಾದ್ದರಿಂದ ನಂಬಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ಉಜ್ಜುತ್ತಿದ್ದಾಗ ತೂತಿನಿಂದ ಏಡಿಯೊಂದು ಹೊರಬಂತು. ನೆಲ್ಲಿಕಾಯಿಯಷ್ಟು ದೊಡ್ಡದು, ಕಾಲಿನ ತುಂಬ ಕೂದಲು. ಫೋನಿನಲ್ಲಿ ಗೆಳೆಯ, "ಬಿಸಾಕೋ ಅದನ್ನ. ನಾಳೆ ತೊಟ್ಟಿಗೆ ಮೀನು ಬಿಟ್ಟರೆ ಒಂದನ್ನೂ ಉಳಿಸಲ್ಲ" ಎಂದ. ಏನು ಮಾಡಲೂ ತೋಚದೆ ಸ್ಟೀಲ್ ಡಬ್ಬಿಯಲ್ಲಿ ಉಪ್ಪುನೀರು ತುಂಬಿ ಅದನ್ನಿಟ್ಟೆ. ಅವ್ವ ಬಗ್ಗಿ ನೋಡಿದಳು.

"ನಳ್ಳಿ ಅಲ್ವಾ ಇದು?" ಅವಳ ಮುಖ ಅರಳಿತು. ಹೆಮ್ಮಿಗೆಯ ಕಡೆ ಅವಳ ತವರು. ಗದ್ದೆಯ ಬದು, ನಾಲೆಯ ಏರಿ ಎಲ್ಲೆಲ್ಲೂ ನಳ್ಳಿಯ ಬಿಲ ನೋಡಿ ಬೆಳೆದವಳು. "ಒಳೆಗೆ ಬುಟ್ಬುಡವ."

"ಇದು ಸಮುದ್ರದ್ದು ಅವ್ವ. ಸಿಹಿನೀರಿಗೆ ಬಿಟ್ಟರೆ ಸಾಯುತ್ತೆ."

"ನಳ್ಳಿ ನೀರಲ್ಲಿ ಸಾಯ್ತದಾ? ನಿಮ್ ಕಾಲೇಜಲ್ಲಿ ಇದ್ನೇ ಏಳ್ಕೊಡದಾ?"

ಅಡುಗೆಮನೆಯಲ್ಲಿ ಹೆಂಡತಿ ನಕ್ಕಳು. ನಂಜನಗೂಡಿನ ಹೊಳೆಯ ಸೋಪಾನಕಟ್ಟೆಯ ಹತ್ತಿರ ಬರೀ ಸೋಪಿನ ನೀರು, ಅಲ್ಲಿ ಬೇಡ ಎಂದು ಅವ್ವನೇ ತೀರ್ಮಾನಿಸಿದಳು. ನರಸೀಪುರದ ಸಂಗಮವೇ ಸರಿ. "ಅಲ್ಲಿ ಬುಟ್ರೆ ಕಾವೇರಿ ಇಡ್ಕಂಡು ಸಮುದ್ರ ಸೇರ್ಕತದೆ. ದಾರಿ ಅದ್ಕೇ ಗೊತ್ತಿರ್ತದೆ." ನಕಾಶೆಯ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಒಲ್ಲೆನೆಂದರೆ ಒಬ್ಬಳೇ ಹೋಗುವವಳು. ಒಂದು ಬಾಟಲಿ ಉಪ್ಪುನೀರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಬಸ್ಸಿನಲ್ಲಿ ಎದುರು ಸೀಟಿನ ರೈತ ಡಬ್ಬಿಯನ್ನೇ ನೋಡುತ್ತಿದ್ದ.

"ಏನವ್ವ ಅಷ್ಟು ಜ್ವಾಪಾನವಾಗಿ ಇಡ್ಕಂಡಿದ್ದೀರಿ?"

"ನಳ್ಳಿ ಕಣಪ್ಪ."

"ಒಂದೇಯಾ? ಒಂದ್ರಲ್ಲಿ ಎಂಗವ್ವ ಸಾರಾಯ್ತದೆ?"

"ಸಾರಿಗಲ್ಲ. ಒಳೆಗೆ ಬುಡಕ್ಕೆ."

ಅವನು ಅವಳ ಹಣೆಯ ವಿಭೂತಿ ನೋಡಿದ, ನನ್ನನ್ನು ನೋಡಿದ. "ಬಸ್ ಚಾರ್ಜ್ ಕೊಟ್ಟು ನಳ್ಳಿ ಬುಡಕ್ಕೆ ಒಂಟಿದ್ದೀರಾ. ನಮ್ ಗದ್ದೆ ಬದ್ನೆಲ್ಲ ತೂತು ಒಡ್ದಾಕವೆ, ಬನ್ನಿ ಸಾ, ಅವ್ನೂ ಇಡ್ಕಂಡೋಗಿ ಬುಡಿ." ಸುತ್ತ ಕುಳಿತವರು ನಕ್ಕರು. ಅವ್ವನೂ ನಕ್ಕಳು.

ಸಂಗಮದ ಮೆಟ್ಟಿಲಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಡಬ್ಬಿಯನ್ನು ನೀರಿಗೆ ವಾಲಿಸಿದಳು. ಹೊಳೆಯ ನೀರು ಸ್ವಲ್ಪ ಒಳಗೆ ಬಂತು. ನಳ್ಳಿ ಹೊರಗೆ ಹೋಗುವ ಬದಲು ಹಿಂದಕ್ಕೆ ಸರಿದು, ಕಾಲುಗಳಿಂದ ಡಬ್ಬಿಯನ್ನು ಪರಪರ ಕೆರೆಯುತ್ತಾ, ಮೇಲೇರಿ ಅವಳ ಹೆಬ್ಬೆರಳನ್ನು ಹಿಡಿಯಿತು. ಹೀಗೆಂದು ನಾನು ನೋಡಿದ ಹಾಗೆ ಹೇಳುತ್ತೇನೆ. ಆದರೆ ಆ ಹೊತ್ತಿಗೆ ನಾನು ಬಾಟಲಿಗಾಗಿ ಚೀಲದೊಳಗೆ ಕೈ ಹಾಕಿ ತಡಕುತ್ತಿದ್ದೆ, ನೋಡಿರಲಾರೆ. ನಾನು ತಿರುಗಿದಾಗ ಅವ್ವ ಡಬ್ಬಿಯನ್ನು ಎದೆಗೆ ಹತ್ತಿರ ಎತ್ತಿ ಹಿಡಿದಿದ್ದಳು.

"ಒಲ್ಲೆ ಅಂತದಲ್ಲೋ ಇದು." ಡಬ್ಬಿಯನ್ನು ನನ್ನ ಕಡೆ ಚಾಚಿ, "ನೀನು ಏಳ್ದೆ. ನಾ ಕೇಳ್ನಿಲ್ಲ. ಉಪ್ನೀರು ಉಯ್ಯಿ ಮೊದ್ಲು."

ಕಾಲೇಜಿಗೆ ರಜೆ ಹಾಕಿ ಅವಳೊಡನೆ ಹಿಂತಿರುಗಿದೆ. ಬಸ್ಸು ನರಸೀಪುರ ಬಿಟ್ಟ ಮೇಲೆ ಕೇಳಿದಳು: "ಆ ಕಲ್ಲೊಳ್ಗೆ ಇಂಥವು ಇನ್ನೂ ಅವಾ?"

"ಇವೆ. ಕಣ್ಣಿಗೆ ಕಾಣದವೇ ಹೆಚ್ಚು."

"ಸತ್ವಲ್ಲ, ಅವು ನಾವು ತರಿಸಿದ್ಕೇ ಸತ್ವಾ?"

ದಾರಿಯಲ್ಲೇ ಸತ್ತಿದ್ದವು ಎನ್ನಬಹುದಿತ್ತು. ಗೆಳೆಯ ಸರಿಯಾಗಿ ಕಟ್ಟಿರಲಿಲ್ಲ ಎನ್ನಬಹುದಿತ್ತು. "ಹೌದು ಅವ್ವ" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ದೇವನೂರಿಗೆ ಬಟ್ಟೆ ಕಟ್ಟುವ ಯೋಚನೆಯಲ್ಲಿದ್ದಾಳೆಂದು ನನಗೆ ಖಾತ್ರಿಯಾಯಿತು.

ಊರು ಹತ್ತಿರವಾದಾಗ, "ಇನ್ನೊಂದ್ ಪೆಟ್ಗೆ ಬತ್ತದೆ ಅಂದಿದ್ದಲ್ಲ?"

"ಬರಬೇಕು."

"ಬ್ಯಾಡ ಅನ್ನು. ಬಂದಿರೋದ್ನ ಬದುಕ್ಸು, ಸಾಕು."

"ಈ ನಳ್ಳಿ ಇದ್ದರೆ ಮೀನು ಬಿಡೋ ಹಾಗಿಲ್ಲ."

"ನಳ್ಳಿ ಆಗ್ಲೇ ಇದ್ದದ್ದು. ಮೀನು ಇನ್ನೂ ಬಂದೇ ಇಲ್ವಲ್ಲ."

ಗಾಜಿನೊಳಗೆ ಬಣ್ಣಬಣ್ಣದ ಮೀನು ತಿರುಗುವುದನ್ನು ಎಷ್ಟೋ ದಿನದಿಂದ ಕಣ್ಣಲ್ಲೇ ತುಂಬಿಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಗೆಳೆಯನಿಗೆ ಫೋನ್ ಮಾಡಿ, ಕಲ್ಲು ಸಾಕು, ಮೀನೂ ಬೇಡ ಎಂದೆ. "ಅಷ್ಟು ದೊಡ್ಡ ತೊಟ್ಟಿಗೆ ಒಂದು ಏಡೀನಾ?" ಎಂದು ಅವನು ಬಹಳ ಹೊತ್ತು ನಕ್ಕ. ಬೂತಿನ ಹೊರಗೆ ಅವ್ವ ಡಬ್ಬಿಯ ಮೇಲೆ ಸೆರಗು ಮುಚ್ಚಿ ಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದಳು.

ಮನೆಗೆ ಬಂದು ನಳ್ಳಿಯನ್ನು ಮತ್ತೆ ಕಲ್ಲುಗಳ ನಡುವೆ ಬಿಟ್ಟೆ. ಏನು ತಿನ್ನುತ್ತದೆ ಎಂದು ಕೇಳಿ, ಅವ್ವ ಪಾಲಕ್ ಎಲೆಯೊಂದನ್ನು ಮುರಿದು ಟಬ್ಬಿಗೆ ಹಾಕಿದಳು. ಅದು ಈಚೆಗೆ ಬರಲಿಲ್ಲ. ಅವಳು ಇನ್ನೊಮ್ಮೆ ಮಿಂದು, ಪೂಜೆ ಮುಗಿಸಿ, ದಾಸೋಹಕ್ಕೆ ಹೊತ್ತು ಮೀರಿರಲಿಲ್ಲವಾದರೂ ಅಡುಗೆಮನೆಯಲ್ಲಿ ಬಂದು ಕೂತಳು.

"ನಾತ ಇನ್ನೂ ಹಾಗೇ ಇದೆಯಲ್ಲ ಅತ್ತೆ" ಎಂದಳು ಹೆಂಡತಿ.

"ಅದೆ. ನಾವೇ ತರಿಸಿದ್ದಲ್ವ, ಇಕ್ಕವ್ವ."

ಉಸಿರು ಬಿಗಿಹಿಡಿದು ಮೊದಲ ತುತ್ತು ನುಂಗಿದಳು. ಆಮೇಲೆ ಉಸಿರಾಡುತ್ತಲೇ ಉಂಡಳು.