ಬೆಂಚಿನ ಮೇಲೆ ಕೇಳಿದ್ದು

ಮಾಗಡಿಯಿಂದ ರಾಮನಗರಕ್ಕೆ ಬೆಳಗಿನ ಬಸ್ಸಿನಲ್ಲಿ ಹೋಗುತ್ತಿದ್ದ ಆ ಕೆಲವು ತಿಂಗಳುಗಳು ನನ್ನ ನೆನಪಿನಲ್ಲಿ ಇಂದಿಗೂ ಮಂಜಿನೊಳಗಿನಿಂದಲೇ ಕಾಣುತ್ತವೆ. ಬಂಡೆಬೆಟ್ಟಗಳ ಬುಡ ಕಾಣುತ್ತಿರಲಿಲ್ಲ. ನೆತ್ತಿಗಳು ಮಾತ್ರ ತೇಲುತ್ತಿದ್ದವು. ವೈದ್ಯನಾಗಿ ಇಪ್ಪತ್ತು ವರ್ಷಕ್ಕೂ ಮೀರಿ ಜ್ವರ, ಗಾಯ, ಹೆರಿಗೆಗಳನ್ನು ನೋಡಿದ್ದ ನಾನು, ರಾಮನಗರದ ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಯನ್ನು ಕಲಿಯಲೆಂದು ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿದ್ದೆ. ಹೊಸ ನೋಟ್‌ಬುಕ್ಕಿಗೆ ಅಂಚುಗೆರೆ ಎಳೆದು, ರೋಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ಕ್ರಮಸಂಖ್ಯೆ ಹಾಕಿ ಬರೆದುಕೊಂಡಿದ್ದೆ.

ನಮಗೆ ಕಲಿಸುತ್ತಿದ್ದ ಹಿರಿಯ ವೈದ್ಯೆ ಮೊದಲ ದಿನವೇ ಆ ಪುಸ್ತಕವನ್ನು ಇಸಿದುಕೊಂಡು ಮೇಜಿನ ಖಾನೆಯಲ್ಲಿಟ್ಟರು. ಕಲಿಯಲು ಬಂದ ವೈದ್ಯರು ಮೊದಲ ಕೆಲವು ದಿನ ಹೊರಗಿನ ವರಾಂಡದ ಬೆಂಚಿನ ಮೇಲೆ ರೋಗಿಗಳ ನಡುವೆ ಕುಳಿತು ಕಾಯಬೇಕೆಂಬುದು ಅವರ ಪದ್ಧತಿ.

“ಒಳಗೆ ಬರೋರು ಹೊರಗೆ ಹೇಗೆ ಕಾದಿರ್ತಾರೆ ಅಂತ ಗೊತ್ತಾಗ್ಲಿ,” ಎಂದಿದ್ದರು. “ಯಾರಾದ್ರೂ ಕೇಳಿದ್ರೆ ಡಾಕ್ಟ್ರು ಅಂತಲೇ ಹೇಳಿ. ಸುಳ್ಳು ಮಾತ್ರ ಬೇಡ.”

ಆ ವರಾಂಡದಲ್ಲಿ ಹೊತ್ತು ಸರಿಯುತ್ತಿರಲಿಲ್ಲ. ಫ್ಯಾನು ಅರೆಮನಸ್ಸಿನಿಂದ ತಿರುಗುತ್ತಿತ್ತು. ಕಿಟಕಿಯ ಬೆಳಕು ಒಬ್ಬರ ಮೊಣಕಾಲಿನಿಂದ ಇನ್ನೊಬ್ಬರ ಮೊಣಕಾಲಿಗೆ ದಾಟುತ್ತಿದ್ದುದನ್ನು ನೋಡುತ್ತ ನಾನೂ ತೂಕಡಿಸುತ್ತಿದ್ದೆ. ಮೂರನೆಯ ದಿನ, ಸಾತನೂರು ಕಡೆಯ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ರೈತರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಅವರ ಹೆಂಡತಿ ಚೀಟಿಯ ಸಾಲಿನಲ್ಲಿದ್ದರು.

“ಅಣ್ಣ, ನಿಮ್ದೂ ಇದೇ ಕೇಸಾ?”

ನಿದ್ದೆಗಣ್ಣಿನಲ್ಲಿದ್ದ ನಾನು ಸುಮ್ಮನೆ ತಲೆಯಾಡಿಸಿದೆ. ಅವರು ಅದನ್ನು ಹೌದೆಂದೇ ತಿಳಿದರು.

“ಇಸ್ತ್ರಿ ಅಂಗಿ ನೋಡಿ ಮೇಷ್ಟ್ರೇನೋ ಅನ್ಕಂಡೆ. ಮೇಷ್ಟ್ರುಗಳೇನು ಕಮ್ಮಿ ಕುಡೀತಾರಾ, ಬುಡಿ.”

ನಾನು ನಕ್ಕೆ. ಆಗಲೇ ನಿಜ ಹೇಳಬೇಕಾಗಿತ್ತು, ಹೇಳಲಿಲ್ಲ. ಅವರು ದನಿ ತಗ್ಗಿಸಿದರು.

“ಒಳಗೋದ್ರೆ ಎಲ್ಲಾನೂ ಒಪ್ಪಿಸ್ಬ್ಯಾಡಿ. ಹಿಂದೆ ಕುಡಿಯಾದ್ ನಿಲ್ಸಿದಾಗ ತ್ವಾಟದಲ್ಲಿ ಫಿಟ್ಸ್ ಬಂದು ಬಿದ್ದಿದ್ದೆ. ಎರಡು ಸಲ. ನಾಲ್ಗೆ ಕಚ್ಕಂಡಿದ್ದೆ. ಮನೇವ್ರಿಗೆ ಜಾರಿ ಬಿದ್ದೆ ಅಂದೆ. ಇವ್ರಿಗೆ ಗೊತ್ತಾದ್ರೆ ಇಲ್ಲೇ ಮಲಗಿಸ್ಕತ್ತಾರೆ. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ಇನ್ನ ನಾಕ್ ದಿನ, ಅಲ್ಲೀಗಂಟ ಸೊಪ್ಪು ಹಾಕೋರ್ಯಾರು? ನಿನ್ನೆಯಿಂದ ಮುಟ್ಟಿಲ್ಲ. ಮಾತ್ರೆ ಇಸ್ಕಂಡು ಹೊಂಟೋಗ್ತೀನಿ.”

ಅವರ ಬೆರಳುಗಳು ನಡುಗುತ್ತಿದ್ದವು. ಹಿಂದೆ ಹಾಗೆ ಬಿದ್ದವರು ಮನೆಯಲ್ಲಿ ಕುಡಿತ ನಿಲ್ಲಿಸಿದರೆ ಮತ್ತೆ ಬೀಳಬಹುದು, ಪ್ರಾಣವೇ ಹೋಗಬಹುದು ಎಂಬುದು ನನಗೆ ತಿಳಿದಿತ್ತು.

ಅಷ್ಟರಲ್ಲಿ ಒಳಗಿನಿಂದ ನನಗೆ ಕರೆ ಬಂತು. “ಮುಂದಿನವರನ್ನ ನೀವೇ ನೋಡಿ,” ಎಂದು ಹಿರಿಯ ವೈದ್ಯೆ ಪೆನ್ನು ಕೊಟ್ಟು ಪಕ್ಕಕ್ಕೆ ಸರಿದರು. ಬಾಗಿಲು ತೆರೆದು ಬಂದವರು ಆ ರೈತರೇ. ಹಿಂದೆ ಅವರ ಹೆಂಡತಿ. ನನ್ನನ್ನು ಕಂಡು ರೈತರ ಮುಖ ನಿಧಾನವಾಗಿ ಬಿಗಿಯಿತು.

ಒಂದೊಂದೇ ಪ್ರಶ್ನೆ ಕೇಳಿ ಆ ಪ್ರಶ್ನೆಗೆ ಬಂದೆ. “ಹಿಂದೆ ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ?”

“ಇಲ್ಲ.”

ಪೆನ್ನು ಮುಂದೆ ಹೋಗಲಿಲ್ಲ. ನಾನು ಬಾಯಿಬಿಟ್ಟರೆ ಬೆಂಚಿನ ಮೇಲಿನ ನಂಬಿಕೆ ಮುರಿಯುತ್ತಿತ್ತು. ಅವರು ಹೇಳಿದ್ದನ್ನೇ ಬರೆದರೆ ಅವರನ್ನು ಸಾವಿನ ಬಾಯಿಗೆ ನಾನೇ ಕಳುಹಿಸಿದಂತಾಗುತ್ತಿತ್ತು. ಹೊರಗೆಲ್ಲೋ ಬಕೆಟ್ಟಿಗೆ ನೀರು ತುಂಬುವ ಸದ್ದು ಬಹಳ ದೂರದಿಂದ ಬರುತ್ತಿರುವಂತೆ ಕೇಳಿಸುತ್ತಿತ್ತು. ಹಿರಿಯ ವೈದ್ಯೆ ನಿಂತ ಪೆನ್ನನ್ನು ನೋಡಿದರು.

“ಬೆಂಚಿನ ಮೇಲಿದ್ದಾಗ್ಲೇ ನಾನು ಡಾಕ್ಟ್ರು ಅಂತ ಹೇಳ್ಬೇಕಾಗಿತ್ತು,” ಎಂದೆ. “ಹೇಳ್ಲಿಲ್ಲ. ತಪ್ಪು ನಂದು. ಆದ್ರೆ ‘ಇಲ್ಲ’ ಅಂತ ಬರೆದು ನಿಮ್ಮನ್ನ ಮನೆಗೆ ಕಳಿಸೋಕೆ ನನಗೆ ಭಯ ಆಗ್ತಿದೆ.”

ಹೆಂಡತಿ ನನ್ನನ್ನೂ ಅವರನ್ನೂ ನೋಡಿದರು. “ಏನಂತೆ?”

“ಹುಳ ಹಣ್ಣಾಗ್ತಾವೆ,” ಎಂದು ಅವರು ಗೊಣಗಿದರು. “ಇಲ್ಲಿ ಮಲಗಿದ್ರೆ ಸೊಪ್ಪು…”

“ನೀನ್ ಕುಡ್ದು ಮಲಗಿದ್ ದಿನವೆಲ್ಲ ಸೊಪ್ಪು ಯಾರು, ನಿಮ್ಮಪ್ಪ ಬಂದು ಹಾಕ್ತಿದ್ನಾ? ಕೇಳಿದ್ದಕ್ಕೆ ನೆಟ್ಟಗೆ ಹೇಳು.”

ಅವರು ತಮ್ಮ ಅಂಗೈಗಳನ್ನು ಮೊಣಕಾಲಿಗೆ ಒರೆಸಿಕೊಂಡರು.

“ಅದ್ನ ಇನ್ನೊಂದ್ಸಲ ಕೇಳಿ, ಸಾ.”

ಅದೇ ಮಾತುಗಳಲ್ಲಿ ಮತ್ತೆ ಕೇಳಿದೆ.

“ಎರಡು ಸಲ,” ಎಂದರು. ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

ಅಂದೇ ಅವರನ್ನು ವಾರ್ಡಿಗೆ ಸೇರಿಸಿ ಚುಚ್ಚುಮದ್ದು ಕೊಟ್ಟೆವು. ಹೆಂಡತಿ ಅವರ ತಲೆಯಡಿಗೆ ಟವೆಲ್ ಮಡಿಸಿಟ್ಟು, ಹುಳಕ್ಕೆ ಸೊಪ್ಪು ಹಾಕಲೆಂದು ಸಾತನೂರಿನ ಬಸ್ಸಿಗೆ ಹೊರಟರು. ಮರುದಿನ ಸಂಜೆಯವರೆಗೂ ಫಿಟ್ಸಿನ ಭಯವಿತ್ತು. ಯಾರೂ ಹೇಳದಿದ್ದರೂ ನಾನು ಮಂಚದ ಪಕ್ಕದಲ್ಲೇ ಕುಳಿತಿದ್ದೆ. ಅವರು ನಿದ್ದೆಯಲ್ಲೇ ಸೊಪ್ಪು ಹರಡುವವರಂತೆ ಕೈಯಾಡಿಸುತ್ತಿದ್ದರು. ಅವರ ಉಸಿರಿನ ಲಯಕ್ಕೆ ನನ್ನ ಉಸಿರೂ ಹೊಂದಿಕೊಂಡಿತ್ತು. ಬಿಸಿಲು ಗೋಡೆಯನ್ನು ದಾಟಿ ಆರಿತು. ಅವರು ಬೀಳಲಿಲ್ಲ.

ಮೂರನೆಯ ಬೆಳಿಗ್ಗೆ ಎದ್ದು ಕುಳಿತು, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗುಟುಕರಿಸಿದರು.

“ಸಕ್ರೆ ಒಸಿ ಕಮ್ಮಿ ಐತೆ,” ಎಂದರು.

ನಾನು ಸಕ್ಕರೆ ತರಲು ಎದ್ದೆ.