ಒಂದೇ ಪೆಟ್ಟಿಗೆಗೆ ಎರಡು ಬಾಗಿಲು

ಶಿರವಾಡದ ನಮ್ಮ ಕಚೇರಿಯಲ್ಲಿ ಫೈಲ್ ತೆರೆಯುವ ಮೊದಲು ಕೂಗಬೇಕಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ರಸ್ತೆಗೆ ಹೋಗುವ ಜಮೀನುಗಳ ನಕಾಶೆ ಮಾಡಿಕೊಡುವ ಸಣ್ಣ ಖಾಸಗಿ ಕಚೇರಿ ಅದು. ಎಲ್ಲ ನಕಾಶೆಗಳೂ ಮೂಲೆಯಲ್ಲಿದ್ದ ಒಂದೇ ಸರ್ವರಿನಲ್ಲಿರುತ್ತಿದ್ದವು; ಎಲ್ಲರ ಬಾಯಲ್ಲಿ ಅದು 'ಪೆಟ್ಟಿಗೆ'. ಯುನಿಕ್ಸ್ ಯಂತ್ರಗಳ ಮುಂದೆ ಕೂತ ನಾಲ್ಕೈದು ಮಂದಿ ಅಲ್ಲಿಂದಲೇ ತೆಗೆದು ಅಲ್ಲಿಗೇ ಉಳಿಸುತ್ತಿದ್ದರು. ಯಾರಿಗೆ ಯಾವ ಊರಿನ ನಕಾಶೆ ಬೇಕೋ ಅವರು ಆ ಊರಿನ ಹೆಸರನ್ನು ಗಟ್ಟಿಯಾಗಿ ಕೂಗುವುದು. ಯಾರೂ 'ಓ' ಅನ್ನದಿದ್ದರೆ ನಕಾಶೆ ಯಾರ ಕೈಯಲ್ಲೂ ಇಲ್ಲ ಎಂದು ತೆರೆಯುವುದು. ಸರ್ವರ್ ನೋಡಿಕೊಳ್ಳುವವಳು ನಾನು. ಕಚೇರಿಯೋ ಮೀನುಪೇಟೆಯೋ ಎಂದು ದಿನಾ ಗೊಣಗುತ್ತಿದ್ದೆ. ಆದರೆ ಆ ಕೂಗಿನ ಕಾಲದಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಂದ ಹಾಳಾದದ್ದಿಲ್ಲ.

ಹೀಗಿರುವಾಗ ಕಚೇರಿಯ ಯಜಮಾನರು ಅಂಕೋಲೆಯ ಶಾಖೆ ಮುಚ್ಚಿ ಅಲ್ಲಿಯವರನ್ನೂ ಅವರ ಕಂಪ್ಯೂಟರುಗಳನ್ನೂ ನಮ್ಮಲ್ಲಿಗೆ ತಂದರು. ಅವು ವಿಂಡೋಸಿನವು, ನಮ್ಮ ಸರ್ವರ್ ಅವುಗಳಿಗೆ ಕಾಣುತ್ತಲೇ ಇರಲಿಲ್ಲ. ಸೋಮವಾರದೊಳಗೆ ಕಾಣುವಂತೆ ಮಾಡು ಎಂದರು. ಮಾಡಬಹುದು, ಆದರೆ ಎರಡೂ ಕಡೆಯಿಂದ ಪರೀಕ್ಷೆ ಮಾಡಿ ನೋಡುವುದಕ್ಕೆ ಎರಡು ವಾರ ಕೊಡಿ ಎಂದೆ. ಯಜಮಾನರು ನಕ್ಕರು.

"ಒಂದ್ ಬಾಗ್ಲು ಹೆಚ್ಚಿಗೆ ಇಟ್ರೆ ಮನೆ ಬೀಳ್ತದ್ಯೆ?"

ಸಂಬಳ ಕೊಡುವವರ ಗಾದೆಗೆ ಎದುರು ಗಾದೆ ಹೇಳುವುದು ಹೇಗೆ? ಯುನಿಕ್ಸ್ ಸರ್ವರಿಗೆ ವಿಂಡೋಸಿನ ಮಾತು ಕಲಿಸುವ ತಂತ್ರಾಂಶ ಹಾಕಿದೆ. ಸೋಮವಾರ ಅಂಕೋಲೆಯವರ ಪರದೆಯ ಮೇಲೆ ನಮ್ಮ ನಕಾಶೆಗಳೆಲ್ಲ ಸಾಲಾಗಿ ಕಂಡವು. ಯಜಮಾನರು ಪೇಢೆ ಹಂಚಿದರು.

ಅಂಕೋಲೆಯಿಂದ ಬಂದವರಲ್ಲಿ ನಕಾಶೆ ಬಿಡಿಸುವ ಒಬ್ಬ ಹುಡುಗಿ ಇದ್ದಳು. ತಾಯಿ ಕಂಡವರ ಗದ್ದೆಯಲ್ಲಿ ನಾಟಿಗೆ ಹೋಗುವವಳು, ಗಂಡನಿಗೆ ದೋಣಿಯ ಕೆಲಸ ತಪ್ಪಿತ್ತು, ಸಣ್ಣ ಮಗು ಬೇರೆ. ಮನೆಗೆಲ್ಲ ತಿಂಗಳ ಸಂಬಳ ಎಂದು ಬರುತ್ತಿದ್ದದ್ದು ಅವಳದೊಂದೇ. ಕಾಯಂ ಆಗುವುದಕ್ಕೆ ಇನ್ನೊಂದು ತಿಂಗಳು ಬಾಕಿ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಬಂದು, ನನ್ನ ಮೇಜಿನ ಮೇಲೆ ಒಂದು ಕಟ್ಟು ಹರಿವೆ ಸೊಪ್ಪು ಇಟ್ಟು, ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಆ ಕೋಣೆಗೆ ಎಸಿ ಇದ್ದದ್ದರಿಂದ ಬಾಗಿಲು ಸದಾ ಮುಚ್ಚಿರುತ್ತಿತ್ತು. ನಮ್ಮ ಕೂಗು ಆಚೆಗೆ ಕೇಳುತ್ತಿರಲಿಲ್ಲ, ಕೂಗುವ ಪದ್ಧತಿ ಇದೆ ಎಂದು ಅವರಿಗೆ ಹೇಳಿದವರೂ ಇಲ್ಲ.

ಆ ವಾರವೆಲ್ಲ ಅವಳು ಬಿಣಗಾದ ಆಚೆಯ ಒಂದು ಊರಿನ ನಕಾಶೆಯಲ್ಲಿ ಮನೆಮನೆಯ ಗಡಿ ಎಳೆದಳು. ಶುಕ್ರವಾರ ಸಂಜೆ ಯಜಮಾನರು ನಕಾಶೆ ತೆರೆದರೆ ಅದರಲ್ಲಿ ಅವಳು ಎಳೆದ ಒಂದು ಗೆರೆಯೂ ಇರಲಿಲ್ಲ. ನಾನು ಟೇಪಿಗೆ ನಕಲು ತೆಗೆಯುತ್ತಿದ್ದದ್ದು ವಾರಕ್ಕೊಮ್ಮೆ, ಶನಿವಾರ; ಹಾಗಾಗಿ ಟೇಪಿನಲ್ಲೂ ಹಳೆಯದೇ ಇತ್ತು.

"ನಾ ಮಾಡಿದ್ದೆ. ದಿನಾ ಉಳ್ಸೇ ಮನೀಗೆ ಹೋಗಿದ್ದೆ," ಎಂದಳು ಅವಳು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ನಕಾಶೆಗಾರರೊಬ್ಬರಿದ್ದರು. ಕಚೇರಿಗೆಲ್ಲ ಅವರು ಮಾಮ. ಸುಳ್ಳು ಹೇಳುವವರಲ್ಲ. ಸೋಮವಾರ ತಾವೇ ಆ ಊರಿನ ಹೆಸರು ಕೂಗಿದ್ದಾಗಿ ಹೇಳಿದರು. "ಯಾರೂ ಓ ಅನ್ಲಿಲ್ಲ. ಇವ್ಳ ಹತ್ರ ಇದ್ದಿದ್ರೆ ಅನ್ತಿರ್ಲಿಲ್ವಾ?"

ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಯಜಮಾನರು ಒಪ್ಪಿಯೇ ಬಿಟ್ಟರು. ಕೆಲಸವನ್ನೇ ಮಾಡದೆ ಮಾಡಿದೆ ಎನ್ನುವವರು ತಮಗೆ ಬೇಡ, ಒಂದನೇ ತಾರೀಕಿನಿಂದ ಬರುವುದು ಬೇಡ ಎಂದರು. ಸೋಮವಾರದವರೆಗೆ ತಡೆಯಿರಿ, ಸರ್ವರ್ ನೋಡಿ ಹೇಳುತ್ತೇನೆ ಎಂದೆ. ಹುಡುಗಿ ಯಾರ ಮುಖವನ್ನೂ ನೋಡದೆ ಬಸ್ಸಿಗೆ ಹೋದಳು.

ಎರಡು ದಿನ ಸರ್ವರಿನ ಮುಂದೆ ಕೂತೆ. ವಿಷಯ ಇಷ್ಟೇ ಆಗಿತ್ತು. ವಿಂಡೋಸಿನ ಬಾಗಿಲಿನಿಂದ ಬಂದವರು ಫೈಲ್ ತೆರೆದಾಗ ಬೇರೆಯವರು ಮುಟ್ಟದಂತೆ ಅದಕ್ಕೆ ಬೀಳುವ ಬೀಗ ಯುನಿಕ್ಸಿನ ಬಾಗಿಲಿನಿಂದ ಬಂದವರಿಗೆ ಕಾಣುತ್ತಿರಲಿಲ್ಲ. ಇಬ್ಬರಿಗೂ ಮನೆಯಲ್ಲಿ ತಾವೊಬ್ಬರೇ ಎಂಬ ಭಾವನೆ. ಕೊನೆಗೆ ಯಾರು ಉಳಿಸಿದರೋ ಅವರದೇ ಉಳಿಯುವುದು. ನಮ್ಮ ಕಡೆಯವರು ಸಂಜೆ ಯಂತ್ರ ಆರಿಸುವವರೂ ಅಲ್ಲ, ತೆರೆದ ನಕಾಶೆ ಮುಚ್ಚುವವರೂ ಅಲ್ಲ. ಮಾಮ ಸೋಮವಾರ ತೆರೆದದ್ದು ಶುಕ್ರವಾರದವರೆಗೂ ಹಾಗೇ ಇತ್ತು; ಶುಕ್ರವಾರ ಅವರು ಉಳಿಸಿದ್ದು ಆ ಹಳೆಯದನ್ನೇ, ಅವಳದರ ಮೇಲೆ.

ಸೋಮವಾರ ಎಲ್ಲರ ಎದುರು ಮಾಡಿ ತೋರಿಸಿದೆ. ಒಂದು ಹಳೆಯ ನಕಾಶೆಯನ್ನು ಮಾಮನೂ ಅವಳೂ ತೆರೆದರು. ಅವಳು ಒಂದು ಗಡಿ ಎಳೆದು ಉಳಿಸಿದಳು. ಆಮೇಲೆ ಮಾಮ ಒಂದು ಬಾವಿಯ ಗುರುತು ಸರಿಸಿ ಉಳಿಸಿದರು. ಮತ್ತೆ ತೆರೆದಾಗ ಬಾವಿ ಇತ್ತು, ಗಡಿ ಇರಲಿಲ್ಲ. ಮಾಮ ಕನ್ನಡಕ ತೆಗೆದು ಒರೆಸುತ್ತಲೇ ನಿಂತರು.

"ಹಾಂಗಾರೆ ನನ್ ಕೈಯಿಂದ್ಲೇ ಹೋಯ್ತು ಅದು."

ಯಜಮಾನರು ಕೂಡಲೇ ಮಾತು ಬದಲಿಸಿದರು. ಕೆಲಸ ಬಿಡುವುದು ಬೇಡ, ಕಾಯಂ ಪತ್ರ ಇದೇ ವಾರ ಸಿಗುತ್ತದೆ ಎಂದರು. ನಾನು ಗೆದ್ದೆನೆಂದು ಉಬ್ಬಿ ಅವಳ ಕಡೆ ನೋಡಿದೆ, ಅವಳೂ ನಗುತ್ತಾಳೆ ಎಂದುಕೊಂಡು. ಅವಳು ನಗಲಿಲ್ಲ.

"ನಾ ಶುಕ್ರವಾರ ಹೇಳ್ದದ್ದೂ ಇದೇ ಅಲ್ವಾ ಅಕ್ಕಾ," ಎಂದಳು. "ಪೆಟ್ಟಿಗೆ ಹೇಳ್ದ ಮೇಲೆ ಖರೆ ಆಯ್ತು."

ಕೆಲಸ ಬಿಟ್ಟು ಹೋಗುವಷ್ಟು ಅನುಕೂಲ ಅವಳಿಗಿರಲಿಲ್ಲ. ಹಿಂದಿನ ಕೋಣೆಗೆ ಹೋಗಿ ಅದೇ ಊರಿನ ಗಡಿಗಳನ್ನು ಮೊದಲಿನಿಂದ ಎಳೆಯತೊಡಗಿದಳು. ನನ್ನ ಮೇಜಿಗೆ ಹರಿವೆ ಸೊಪ್ಪು ಬರುವುದು ಅವತ್ತಿಗೆ ನಿಂತಿತು. ನನ್ನ ಮೇಲೂ ಸಿಟ್ಟೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಇವತ್ತಿಗೂ ಅದೊಂದು ಸಂಕಟ.

ಒಬ್ಬರ ಬೀಗ ಇನ್ನೊಬ್ಬರಿಗೆ ಕಾಣುವಂತೆ ಸರ್ವರ್ ಸರಿಮಾಡಿದೆ. ಇನ್ನು ಕೂಗುವ ಅಗತ್ಯವೇ ಇರಲಿಲ್ಲ. ಆದರೂ ಮಾಮ ಯಾವ ನಕಾಶೆ ತೆರೆಯುವುದಿದ್ದರೂ ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲು ತಟ್ಟುತ್ತಿದ್ದರು. ಊರಿನ ಹೆಸರು ಹೇಳಿ, "ನಿನ್ ಹತ್ರ ಉಂಟಾ ತಂಗಿ?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದಳು: "ಪೆಟ್ಟಿಗೇನೇ ಕೇಳಿ, ಮಾಮಾ."